ಗಾಳಿಯ ತಲೆಗೆ ಕಟ್ಟಿದ ತಪ್ಪು

ಪರ್ಮರೆಂಡ್

ಗೇರು ಬದಲಾಯಿಸದೆ ಬೆಳಗಿನಿಂದ ಸಂಜೆಯವರೆಗೆ ಹೋಗಬಹುದಾದ ದೇಶವೊಂದು ಈ ಭೂಮಿಯ ಮೇಲೆ ಇದೆಯೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾನು ಕಾಸರಗೋಡಿನ ಲೈನ್ ಬಸ್ಸಿನ ಡ್ರೈವರನಾಗಿದ್ದವನು. ಚೆರ್ಕಳದಿಂದ ಬೋವಿಕಾನದ ಕಡೆಗೆ ಹೋಗಲಿ, ಎಡನೀರಿನ ಕಡೆಗೆ ಹೋಗಲಿ, ಏರು, ತಿರುವು, ಇಳಿತ, ಮತ್ತೆ ಏರು. ರಸ್ತೆ ಎಂದರೆ ಹಾಗೆಯೇ ಇರುವುದು ಎಂದುಕೊಂಡೇ ನನಗೆ ತಲೆ ಹಣ್ಣಾಯಿತು.

ಮಗಳು ಶಶಿಕಲಾ ಹಾಲೆಂಡಿನ ಪರ್ಮರೆಂಡ್ ಎಂಬ ಊರಿನಲ್ಲಿ ನರ್ಸ್. ಅಳಿಯ ಹರೀಶನಿಗೆ ಅಲ್ಲಿಯೇ ಲ್ಯಾಬಿನಲ್ಲಿ ಕೆಲಸ. ಅವರಿಗೆ ಮಗುವಾದಾಗ ಬಾಣಂತನಕ್ಕೆಂದು ಅಜ್ಜಿಯರಿಬ್ಬರೂ ಹೋಗಿ ಬಂದರು. ಆಮೇಲೆ ಅಜ್ಜಂದಿರ ಸರದಿ. ಹಾಗೆ ನಾನೂ ನನ್ನ ಬೀಗರೂ ಒಂದೇ ವಿಮಾನದಲ್ಲಿ ಹೊರಟೆವು.

ಬೀಗರ ಹೆಸರು ಸಂಜೀವಣ್ಣ. ಶಿರಿಯದವರು. ಹಿಂದೆ ಅವರದ್ದು ಬಾಡಿಗೆ ಸೈಕಲಿನ ಅಂಗಡಿ. ಗಂಟೆಗಿಷ್ಟು ಎಂದು ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಆ ಊರಿನ ಅರ್ಧ ಜನ ಅವರ ಕೈಯಲ್ಲಿಯೇ ಸೈಕಲ್ ಕಲಿತದ್ದು. ಬೈಕುಗಳು ಬಂದ ಮೇಲೆ ಅಂಗಡಿ ಮುಚ್ಚಿತು. ಆದರೆ ಒಂದು ಸೈಕಲನ್ನು ತಮಗೆಂದು ಇಟ್ಟುಕೊಂಡಿದ್ದಾರೆ. ಮೀನು ತರಲು, ಮದುವೆಗೆ, ಮರಣಕ್ಕೆ ಅದರಲ್ಲಿಯೇ ಹೋಗುತ್ತಾರೆ.

ಅವರು ಹಾಲೆಂಡಿನಲ್ಲಿ ಗಾಳಿಗೆ ಆಯ ತಪ್ಪಿ ಕಾಲುವೆಗೆ ಬಿದ್ದರು ಎಂಬ ಸುದ್ದಿ ಕುಂಬಳೆಯಿಂದ ಉಪ್ಪಳದವರೆಗೆ ಹಲವರಿಗೆ ಗೊತ್ತಿದೆ. ಆ ಸುದ್ದಿ ಸುಳ್ಳು. ಸುಳ್ಳು ಹೇಳಿದವನು ನಾನು. ಈ ಬರಹವನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಆದರೆ ಆ ದೇಶವನ್ನು ತೋರಿಸದೆ ತಪ್ಪನ್ನು ಮಾತ್ರ ಹೇಳಿದರೆ ಅದರ ತೂಕ ಯಾರಿಗೂ ತಿಳಿಯದು.

ನಮ್ಮಿಂದ ಮಗುವಿಗೆ ಯಾವ ಉಪಕಾರವೂ ಇಲ್ಲ ಎಂಬುದು ಬಂದ ಮರುದಿನವೇ ಗೊತ್ತಾಯಿತು. ಮಗು ಮಲಗಿದಾಗ ನಾವು ಮಾತಾಡಬಾರದು, ಎದ್ದಾಗ ಅದಕ್ಕೆ ನಾವು ಬೇಡ. ಮಗಳು ನೆರೆಯವರಿಂದ ಎರಡು ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದಳು.

ಸಂಜೀವಣ್ಣ ಸೈಕಲಿನ ಸುತ್ತ ಒಂದು ಸುತ್ತು ಬಂದರು. ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಿವಿಗೊಟ್ಟರು. "ಬೀಗರೇ, ಇದಕ್ಕೆ ನನ್ನ ಎಣ್ಣೆ ಬೇಡ. ಇದಕ್ಕೆ ನಾನೇ ಬೇಡ" ಎಂದು ನಕ್ಕರು.

ಮನೆಯ ಮುಂದಿನ ರಸ್ತೆ ಮುಗಿಯುವಲ್ಲಿ ಸೈಕಲಿನದ್ದೇ ದಾರಿ ಶುರುವಾಗುತ್ತದೆ. ಕೆಂಪು ಬಣ್ಣದ ನುಣ್ಣನೆಯ ದಾರಿ. ನಮ್ಮ ಮುರಕಲ್ಲಿನ ಕೆಂಪಲ್ಲ, ಹೆಂಚಿನ ಕೆಂಪು. ಅದರ ಮೇಲೆ ಬಸ್ಸಿಲ್ಲ, ಲಾರಿಯಿಲ್ಲ, ಬೈಕಿಲ್ಲ. ಕಾರಿನ ರಸ್ತೆಯನ್ನು ಅಡ್ಡ ದಾಟಬೇಕಾದ ಕಡೆ ನಾನು ಅಭ್ಯಾಸ ಬಲದಿಂದ ನಿಂತೆ. ದೊಡ್ಡ ಕಾರೊಂದು ಬರುತ್ತಿತ್ತು. ಅದೂ ನಿಂತಿತು. ದೊಡ್ಡದು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಅದು ಕಾಯಿತು. ಹಾರ್ನ್ ಇಲ್ಲ, ಬೈಗುಳ ಇಲ್ಲ. ಕೊನೆಗೆ ಒಳಗಿದ್ದ ಹೆಂಗಸು ಹೋಗಿ ಎಂದು ಕೈ ಆಡಿಸಿದಳು.

"ಹೋಗಿ ಮಾರಾಯ್ರೆ, ಅವಳಿಗೆ ಮನೆಯಲ್ಲಿ ಕೆಲಸ ಇಲ್ವಾ?" ಎಂದು ಸಂಜೀವಣ್ಣ ಹಿಂದಿನಿಂದ ಕೂಗಿದರು.

ದಾಟಿದೆ. ನನ್ನ ಬಸ್ಸಿಗಾಗಿ ಎಷ್ಟೋ ಸೈಕಲುಗಳು ನಿಂತಿದ್ದವು. ನನ್ನ ಸೈಕಲಿಗಾಗಿ ಒಂದು ವಾಹನ ನಿಂತದ್ದು ಅದೇ ಮೊದಲು.

ಬ್ರೂಕ್

ದಾರಿ ಕಾಲುವೆಯ ಬದಿಯಲ್ಲಿ ಹೋಗುತ್ತದೆ. ಒಂದು ಕಡೆ ಹುಲ್ಲುಗಾವಲು, ದನಗಳು, ಮರಿಗಳೊಂದಿಗೆ ಬಾತುಗಳು. ಇನ್ನೊಂದು ಕಡೆ ಏರಿ. ಆ ಏರಿಯ ಮೇಲೆ ಒಂದು ದೋಣಿಯ ಹಾಯಿ ನಮ್ಮ ಜೊತೆಗೇ ಬರುತ್ತಿತ್ತು. ಏರಿ ಹತ್ತಿ ನೋಡಿದರೆ ನೀರು ಮೇಲಿದೆ, ನೆಲ ಕೆಳಗಿದೆ. ದೋಣಿ ಹೋಗುತ್ತಿರುವುದು ದನದ ಬೆನ್ನಿಗಿಂತ ಎತ್ತರದಲ್ಲಿ.

ಸಂಜೀವಣ್ಣ ಸೈಕಲ್ ನಿಲ್ಲಿಸಿ ಏರಿಯ ಎರಡೂ ಬದಿಯನ್ನು ನೋಡಿದರು. ಶಿರಿಯ ಹೊಳೆಯ ಉಪ್ಪುನೀರು ಗದ್ದೆಗೆ ಹತ್ತದಂತೆ ಪ್ರತಿ ಬೇಸಗೆಯಲ್ಲಿ ಮಣ್ಣು ಹಾಕಿ ಕಟ್ಟ ಕಟ್ಟುವುದನ್ನು, ಮಳೆ ಬಂದೊಡನೆ ಅದು ಕೊಚ್ಚಿ ಹೋಗುವುದನ್ನು ನೋಡಿ ಬೆಳೆದವರು ಅವರು.

"ನಾವು ಒಂದು ಹೊಳೆಗೆ ಹೇಳಿ ಕೇಳಿಸಲಿಕ್ಕೆ ಆಗಲಿಲ್ಲ. ಇವರು ಕಡಲನ್ನೇ ಹೊರಗೆ ನಿಲ್ಲಿಸಿದ್ದಾರೆ ಬೀಗರೇ" ಎಂದರು.

ಬ್ರೂಕ್ ಒಂದು ಹಳೆಯ ಹಳ್ಳಿ. ಮನೆಗಳೆಲ್ಲ ಮರದವು. ತೆಳು ಬೂದಿ ಬಣ್ಣ, ಬಿಳಿಯ ಅಂಚು. ನೂರಾರು ವರ್ಷ ಹಳೆಯವಂತೆ. ನಮ್ಮ ಮಳೆಗೆ ಅಂಥ ಮನೆಯನ್ನು ಗೆದ್ದಲು ಎರಡು ವರ್ಷ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೆ ಕಿಟಕಿಗಳಿಗೆ ಪರದೆಯಿಲ್ಲ. ರಸ್ತೆಯಿಂದಲೇ ಒಳಗಿನ ಮೇಜು, ದೀಪ, ಗೋಡೆಯ ಚಿತ್ರ ಎಲ್ಲ ಕಾಣುತ್ತದೆ. ಒಂದು ಮನೆಯಲ್ಲಿ ಒಬ್ಬ ಬೋಳುತಲೆಯವನು ಬ್ರೆಡ್ ತಿನ್ನುತ್ತಿದ್ದ.

"ಊಟ ಮಾಡುವವರನ್ನು ನೋಡಬಾರದು" ಎಂದೆ.

"ನೋಡಬಾರದಿದ್ದರೆ ಅವನು ಪರದೆ ಹಾಕ್ತಿದ್ದ" ಎಂದು ಸಂಜೀವಣ್ಣ ಅವನಿಗೆ ಕೈ ಬೀಸಿಯೇ ಬಿಟ್ಟರು. ಅವನು ಬ್ರೆಡ್ ಹಿಡಿದ ಕೈಯನ್ನೇ ಎತ್ತಿ ಬೀಸಿದ. ಅವರಿಬ್ಬರೂ ಹಳೆಯ ಪರಿಚಯದವರು ಎನ್ನುವಂತಿತ್ತು.

ಸಂಜೀವಣ್ಣನವರನ್ನು ನಾನು ಅಷ್ಟು ಸಂತೋಷದಲ್ಲಿ ಕಂಡದ್ದು ಮದುವೆಯ ದಿನವೂ ಇಲ್ಲ. ಎದುರು ಬಂದ ಪ್ರತಿಯೊಂದು ಸೈಕಲನ್ನೂ ತಿರುಗಿ ನೋಡುತ್ತಿದ್ದರು. ಕೊಡೆ ಹಿಡಿದುಕೊಂಡು ಹೋಗುವ ಹೆಂಗಸು, ನಾಯಿಯನ್ನು ಬುಟ್ಟಿಯಲ್ಲಿ ಕೂರಿಸಿದ ಗಂಡಸು, ಏಣಿ ಹೊತ್ತ ಪೇಂಟರ್, ಎಲ್ಲರೂ ಸೈಕಲಿನಲ್ಲಿ. "ನಾನು ಅಂಗಡಿ ಇಡಬೇಕಾದ ಊರು ತಪ್ಪಿತು ಮಾರಾಯ್ರೆ" ಎಂದು ಹೇಳಿಕೊಂಡು ಹೋದರು.

ಮೊನಿಕೆಂಡಾಮಿಗೆ ಹೋಗುವ ದಾರಿ

ಬ್ರೂಕ್ ದಾಟಿದ ಮೇಲೆ ದಾರಿ ಹೊಲಗಳ ನಡುವೆ ಸಪೂರವಾಗುತ್ತದೆ. ಎರಡು ಬದಿಗೂ ಸಣ್ಣ ಕಾಲುವೆ, ನಮ್ಮ ತೋಡಿನ ಹಾಗೆ. ನೀರಿನ ಮೇಲೆ ಹಸಿರು ಪಾಚಿ ಚಾಪೆಯಂತೆ ಹಾಸಿಕೊಂಡಿರುತ್ತದೆ. ಸಂಜೀವಣ್ಣ ಮುಂದೆ, ನಾನು ಹಿಂದೆ. ಎದುರಿನಲ್ಲಿ ಒಂದು ಚಿಕ್ಕ ಮರದ ಸೇತುವೆ. ಅದರ ಆಚೆ ಕಡೆಯಿಂದ ಒಬ್ಬಳು ಹೆಂಗಸು, ಮುಂದೆ ಪೆಟ್ಟಿಗೆಯಿರುವ ಸೈಕಲಿನಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಬರುತ್ತಿದ್ದಳು.

ನಮ್ಮ ಕಡೆಯ ಅಗಲ ಕಿರಿದಾದ ಸೇತುವೆಗಳಲ್ಲಿ ಮೊದಲು ಹೆಡ್‌ಲೈಟ್ ಮಿಣುಕಿಸಿದವನಿಗೆ ಸೇತುವೆ. ಬರೆದಿಟ್ಟ ಕಾನೂನಲ್ಲ, ಆದರೆ ಎಲ್ಲರಿಗೂ ಗೊತ್ತು. ಹಿಂದಿನ ಬಸ್ಸಿಗಿಂತ ಮೊದಲು ಮುಂದಿನ ಸ್ಟಾಪಿಗೆ ಹೋಗಿ ಜನ ಹತ್ತಿಸಿಕೊಳ್ಳಬೇಕಾದ ಲೈನ್ ಬಸ್ಸಿನವನಿಗೆ ಸೇತುವೆಯಲ್ಲಿ ಕಾಯುವುದು ಎಂದರೆ ಸೋಲು. ಆ ಹೆಂಗಸನ್ನು ಕಂಡೊಡನೆ ನನ್ನ ಕಾಲುಗಳು ತಾವಾಗಿಯೇ ಜೋರಾದವು. ಹತ್ತಿಸಲು ಜನರಿಲ್ಲ, ಟೈಮಿಗೆ ಮುಟ್ಟಬೇಕೆಂದಿಲ್ಲ. ಆದರೂ ಮೊದಲು ನುಗ್ಗಬೇಕು. ಅಲ್ಲಿ ಬಲಬದಿಯ ಸಂಚಾರ. ಸಂಜೀವಣ್ಣನವರನ್ನು ಎಡದಿಂದ ಹಿಂದಿಕ್ಕಿ ಅವರ ಮುಂದಕ್ಕೆ ಬಲಕ್ಕೆ ಸೇರಿದೆ.

ಬಸ್ಸಿನಲ್ಲಿ ಹೀಗೆ ಓವರ್‌ಟೇಕ್ ಮಾಡಿ ಎಡಕ್ಕೆ ಸೇರುವಾಗ ಬಾಗಿಲಿನಲ್ಲಿ ನೇತಾಡುವ ಕ್ಲೀನರ್ ತಗಡಿಗೆ ಬಡಿದು "ಪೋಟ್ಟೆ, ಪೋಟ್ಟೆ" ಎನ್ನುತ್ತಿದ್ದ. ಹೋಗಲಿ ಎಂದು ಅರ್ಥ. ಆ ಬದಿಯಲ್ಲಿ ಏನಿದೆ, ಯಾರಿದ್ದಾರೆ ಎಂದು ನೋಡುವ ಕೆಲಸ ಅವನದು. ಅವನು ಹೋಗಲಿ ಎಂದರೆ ನಾನು ಹೋಗುತ್ತಿದ್ದೆ. ಇಷ್ಟು ವರ್ಷ ಒಂದು ಬದಿಗೆ ಕುರುಡನಾಗಿಯೇ ಬಸ್ಸು ಓಡಿಸಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಸೈಕಲಿನಲ್ಲಿ ಕ್ಲೀನರ್ ಇಲ್ಲ. ಹಿಂದಿನ ಕ್ಯಾರಿಯರಿಗೆ ಮಗಳು ಎರಡೂ ಕಡೆ ಚಪಾತಿ, ನೀರು, ಮಳೆಕೋಟು ತುಂಬಿದ ಚೀಲ ನೇತುಹಾಕಿದ್ದಳು. ಬಲಬದಿಯ ಚೀಲ ಸಂಜೀವಣ್ಣನವರ ಹ್ಯಾಂಡಲಿಗೆ ಬಡಿಯಿತು. ನನಗೆ ಅದು ಚೆನ್ನಾಗಿಯೇ ತಿಳಿಯಿತು. ಬೆನ್ನಿನಲ್ಲಿ ತಿಳಿಯಿತು.

ತಿರುಗಿ ನೋಡಿದಾಗ ದಾರಿಯಲ್ಲಿ ಯಾರೂ ಇಲ್ಲ. ಹಸಿರು ಚಾಪೆಯಲ್ಲಿ ಒಂದು ತೂತು, ಅದರ ನಡುವೆ ಸಂಜೀವಣ್ಣನವರ ತಲೆ.

ಪುಣ್ಯಕ್ಕೆ ನೀರು ಸೊಂಟದವರೆಗೆ ಮಾತ್ರ. ಆ ಹೆಂಗಸು ನನಗಿಂತ ಮೊದಲು ಓಡಿ ಬಂದಳು. ದಡದಲ್ಲಿ ಬೋರಲಾಗಿ ಮಲಗಿ ಕೈ ಕೊಟ್ಟು ಅವರನ್ನು ಎಳೆದಳು. ಆಮೇಲೆ ಸೈಕಲನ್ನೂ ಎಳೆದಳು. ಪೆಟ್ಟಿಗೆಯಿಂದ ಮಕ್ಕಳ ಟವೆಲ್ ತೆಗೆದು ಅವರ ಹೆಗಲಿಗೆ ಹಾಕಿದಳು. ಮಕ್ಕಳು ಕದಲದೆ ಕುಳಿತು ಈ ಹಸಿರು ಅಜ್ಜನನ್ನು ನೋಡುತ್ತಿದ್ದವು. ಬಳಿಕ ಅವಳು ನನ್ನ ಕಡೆ ತಿರುಗಿ, ನನಗೆ ಅರ್ಥವಾಗಲೆಂದು ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದಳು: ನೀವು ತೀರ ಹತ್ತಿರ ಬಂದಿರಿ, ನಿಮ್ಮ ಚೀಲ ಇವರಿಗೆ ತಾಗಿತು, ಇವರದ್ದೇನೂ ತಪ್ಪಿಲ್ಲ. ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಆ ದೇಶದವರ ಕ್ರಮ.

ಕೆಲವು ವರ್ಷ ಕುವೈತಿನಲ್ಲಿ ಟ್ಯಾಂಕರ್ ಓಡಿಸಿದ್ದರಿಂದ ನನಗೆ ಹರಕುಮುರುಕು ಇಂಗ್ಲಿಷ್ ಬರುತ್ತದೆ. ಸಂಜೀವಣ್ಣನವರಿಗೆ ಬರುವುದಿಲ್ಲ.

"ಎಂತ ಹೇಳುವುದು ಅವಳು?" ಎಂದು ಅವರು ನಡುಗುತ್ತ ಕೇಳಿದರು.

"ಇಲ್ಲಿ ಗಾಳಿ ಜೋರಂತೆ" ಎಂದೆ. "ಹೊಸಬರು ಬೀಳುವುದುಂಟಂತೆ."

"ಹೊಸಬರಾ?" ಸಂಜೀವಣ್ಣ ನನ್ನನ್ನೂ ಅವಳನ್ನೂ ನೋಡಿದರು. "ನಾನು ಹೊಸಬನಾ?"

ಆಮೇಲೆ ಆಕೆಗೆ ಕೈಮುಗಿದು, ತಮಗೆ ಗೊತ್ತಿದ್ದ ಒಂದು ಶಬ್ದವನ್ನು ಹುಡುಕಿ, ಆಕಾಶದ ಕಡೆ ಬೆರಳು ತೋರಿಸಿ, "ವಿಂಡ್, ವಿಂಡ್" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಏನು ಮಾಡಿದೆನೆಂದು ಅವಳಿಗೆ ತಿಳಿಯಿತು. ಸೈಕಲ್ ಹತ್ತಿ ಹೋದಳು. ನನಗೆ ಬೈಗುಳ ತಿಂದು ಅಭ್ಯಾಸವಿದೆ. ಆ ನೋಟಕ್ಕೆ ಅಭ್ಯಾಸವಿರಲಿಲ್ಲ.

ಮತ್ತೆ ಪರ್ಮರೆಂಡ್

ಗಾಯವೇನೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ನಕ್ಕು ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ಸಂಜೀವಣ್ಣ ಸೋಫಾದಲ್ಲಿ ಕೂತವರು ಮರುದಿನವೂ ಏಳಲಿಲ್ಲ. ಅಂಗಳದಲ್ಲಿದ್ದ ಸೈಕಲಿನ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದರು.

"ಬ್ಯಾಲೆನ್ಸ್ ಹೋಯಿತು ಬೀಗರೇ" ಎಂದರು. "ಗಾಳಿ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಮೊದಲೇ ನೀರಿನಲ್ಲಿದ್ದೆ. ಗೊತ್ತಾಗುವುದಿಲ್ಲ ಅಂದ ಮೇಲೆ ಮುಗಿಯಿತು ಅಂತ ಲೆಕ್ಕ."

"ಒಂದು ಸಲ ಬಿದ್ದದ್ದಕ್ಕೆ ಎಂತ ಮಾತು ಇದು?" ಎಂದೆ. ಸುಳ್ಳು ಹೇಳಿದವನೇ ಸಮಾಧಾನವನ್ನೂ ಹೇಳಿದೆ.

ಹರೀಶ ತಂದೆಯ ಮೇಲಿನ ಪ್ರೀತಿಯಿಂದಲೇ ಇನ್ನೊಂದು ಹೆಜ್ಜೆ ಮುಂದೆ ಹೋದ. "ಅಪ್ಪ, ಊರಿನಲ್ಲೂ ಸೈಕಲ್ ಸಾಕು. ಹೈವೇಯಲ್ಲಿ ಹೀಗೆ ಬಿದ್ದಿದ್ದರೆ? ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ, ಯಾರಾದರೂ ಕೇಳಿದರೆ ಸೈಕಲ್ ಕೊಟ್ಟುಬಿಡಿ ಅಂತ."

ಸಂಜೀವಣ್ಣ ಜಗಳ ಮಾಡುತ್ತಾರೆಂದು ಕಾದೆ. ಅವರು "ಆಯ್ತು" ಎಂದರು. ಅಷ್ಟೇ.

ಗಾಳಿಯ ಸುದ್ದಿ ಊರಿಗೆ ಹೋದದ್ದು ಆ ಫೋನಿನಲ್ಲಿ. ಆ ಹೊತ್ತಿಗೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಂದೂ ಆಕ್ಸಿಡೆಂಟ್ ಮಾಡದ ಡ್ರೈವರ್ ಎಂದು ನಾನು ಹೆಣ್ಣು ಕೊಡುವ ಮಾತುಕತೆಯಲ್ಲಿಯೂ ಹೇಳಿಕೊಂಡವನು. ಅಳಿಯನ ಮುಂದೆ, ಮಗಳ ಮುಂದೆ, ಬೀಗರನ್ನು ತೋಡಿಗೆ ಹಾಕಿದವನು ಎನ್ನಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಮಾರ್ಕೆನ್

ಮನೆಯಲ್ಲಿ ಕೂತರೆ ಅವರ ಬೆನ್ನು ನೋಡಬೇಕಲ್ಲ ಎಂದು ಒಂದು ದಿನ ನಾನೊಬ್ಬನೇ ಹೊರಟೆ. ಮೊನಿಕೆಂಡಾಮಿನಲ್ಲಿ ಒಂದು ಹಳೆಯ ಗೋಪುರವಿದೆ. ಗಂಟೆಯಾಗುವಾಗ ಅದರ ಗಡಿಯಾರದ ಬಳಿ ಮರದ ಚಿಕ್ಕ ಕುದುರೆ ಸವಾರರು ಸುತ್ತು ಬರುತ್ತಾರೆ. ಗಂಟೆಗಳ ನಾದ ಊರಿನ ಮೇಲೆಲ್ಲ ಚೆಲ್ಲುತ್ತದೆ. ನಾನು ಬಾಯಿ ತೆರೆದು ನಿಂತೆ. "ನೋಡಿ ಸಂಜೀವಣ್ಣ" ಎನ್ನಲು ಪಕ್ಕಕ್ಕೆ ತಿರುಗಿದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮಾರ್ಕೆನ್ ಹಿಂದೆ ದ್ವೀಪವಾಗಿತ್ತಂತೆ. ಈಗ ನೀರಿನ ನಡುವೆ ಏರಿ ಕಟ್ಟಿ ಅದಕ್ಕೆ ದಾರಿ ಮಾಡಿದ್ದಾರೆ. ಎಡಕ್ಕೆ ನೀರು, ಬಲಕ್ಕೆ ನೀರು, ನಡುವೆ ನಾನು. ಮುಂದೆ ಕಂಬಗಳ ಮೇಲೆ ನಿಂತ ಹಸಿರು ಮನೆಗಳು. ಕಡಲು ಒಳಗೆ ಬಂದರೆ ಅಡಿಯಿಂದ ಹೋಗಲಿ ಎಂದು ಹಾಗೆ ಕಟ್ಟಿದ್ದಂತೆ. ತಲೆಯ ಮೇಲಿನ ಆಕಾಶ ಎಷ್ಟು ದೊಡ್ಡದೆಂದರೆ, ನಮ್ಮೂರಿನಲ್ಲಿ ನಾನು ಇದುವರೆಗೆ ನೋಡಿದ್ದು ಅದರ ತುಂಡುಗಳನ್ನು ಮಾತ್ರ ಎನಿಸಿತು.

ಹಳ್ಳಿಯ ಒಳಗೆ ಹೋಗುವಲ್ಲಿ ನನ್ನ ಮುಂದೆ ಒಂದು ಮುದಿ ಜೋಡಿ ಸೈಕಲಿನಲ್ಲಿ ಹೋಗುತ್ತಿತ್ತು. ಇಬ್ಬರೂ ನನಗಿಂತ ಎಷ್ಟೋ ಹಿರಿಯರು. ಅಜ್ಜನ ಸೈಕಲ್ ಸ್ವಲ್ಪ ತೂರಾಡುತ್ತಿತ್ತು. ಅಜ್ಜಿ ಅವನ ಪಕ್ಕದಲ್ಲಿಯೇ ಸಾಗುತ್ತ, ಒಂದು ಕೈಯಲ್ಲಿ ತನ್ನ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಅವನ ಬೆನ್ನ ಮೇಲೆ ಇಟ್ಟಿದ್ದಳು. ದೂಡುತ್ತಿರಲಿಲ್ಲ, ಇಟ್ಟಿದ್ದಳು ಅಷ್ಟೆ. ಅಲ್ಲಿ ಕಾರೂ ಸೈಕಲೂ ಒಂದೇ ರಸ್ತೆಯಲ್ಲಿ ಹೋಗುತ್ತವೆ. ಹಿಂದೆ ಒಂದು ಪುಟ್ಟ ಬಸ್ಸು. ಹೌದು, ಬಸ್ಸು. ಅದರ ಡ್ರೈವರ್ ಅವರ ವೇಗದಲ್ಲಿಯೇ, ದೂರ ಬಿಟ್ಟು, ಹಾರ್ನ್ ಒತ್ತದೆ ಬರುತ್ತಿದ್ದ. ಒಳಗೆ ಜನ ತುಂಬಿದ್ದರು. ಒಬ್ಬನೂ ಕತ್ತು ಹೊರಗೆ ಹಾಕಿ ಏನಾಯಿತೆಂದು ಕೇಳಲಿಲ್ಲ.

ನಾನು ಸೈಕಲಿನಿಂದ ಇಳಿದು ಗೋಡೆಗೆ ಒರಗಿ ನಿಂತೆ. ನನ್ನ ಹಾರ್ನಿಗೆ ಡಾಮರು ಬಿಟ್ಟು ಕೆಸರಿಗೆ ಇಳಿಯುತ್ತಿದ್ದ ಸೈಕಲುಗಳು ನೆನಪಾದವು. ಮೀನಿನ ಬುಟ್ಟಿಯವರು, ಹಾಲಿನ ಕ್ಯಾನಿನವರು, ಶಾಲೆಯ ಮಕ್ಕಳು. ಅವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಅವರನ್ನು ನೋಡಿದ್ದು ಕ್ಲೀನರ್. ಯಾರಾದರೂ ಬಿದ್ದಿದ್ದರೋ, ಅವನು ಆಗಲೂ ಹೋಗಲಿ ಎಂದಿದ್ದನೋ, ನಾನು ಎಂದೂ ಕೇಳಿದವನಲ್ಲ. ಆಕ್ಸಿಡೆಂಟ್ ಮಾಡದ ಡ್ರೈವರ್ ಎಂದು ಯಾವ ಧೈರ್ಯದಿಂದ ಹೇಳಿಕೊಂಡೆನೋ!

ಅವರನ್ನೆಲ್ಲ ಈಗ ಎಲ್ಲಿಂದ ಹುಡುಕಲಿ? ಮುಖ ಗೊತ್ತಿರುವವರು ಒಬ್ಬರು ಮಾತ್ರ. ಸೈಕಲ್ ತಿರುಗಿಸಿದೆ.

ಮನೆಯ ಹಿಂದಿನ ಬೆಂಚು

ಸಂಜೀವಣ್ಣ ಹಿತ್ತಿಲಿನ ಬೆಂಚಿನಲ್ಲಿ ಕೂತಿದ್ದರು. ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎಂಬ ಹೆದರಿಕೆ.

"ಸಂಜೀವಣ್ಣ, ನೀವು ಬಿದ್ದದ್ದು ಗಾಳಿಗೆ ಅಲ್ಲ. ನನ್ನ ಚೀಲ ತಾಗಿದ್ದು. ಆ ಹೆಂಗಸು ಹೇಳಿದ್ದೂ ಅದೇ. ನಾನು ಸುಳ್ಳು ಹೇಳಿದೆ."

ಅವರು ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ.

"ತಾಗಿದ್ದು ಹ್ಯಾಂಡಲಿನ ಯಾವ ಬದಿಗೆ?"

"ಎಡಕ್ಕೆ."

"ತುದಿಗಾ?"

"ತುದಿಗೆ."

ಸಂಜೀವಣ್ಣ ಕಣ್ಣು ಮುಚ್ಚಿದರು. ಎರಡೂ ಮುಷ್ಟಿಗಳನ್ನು ಮುಂದೆ ಚಾಚಿ, ಹ್ಯಾಂಡಲ್ ಹಿಡಿದಂತೆ ಹಿಡಿದು, ನಿಧಾನವಾಗಿ ತಿರುಗಿಸಿದರು. ಇಡೀ ಬೀಳುವಿಕೆಯನ್ನು ಇನ್ನೊಮ್ಮೆ ಬಿದ್ದು ನೋಡುತ್ತಿದ್ದರು.

"ಹಾಗಾದರೆ ಯಾರಿದ್ದರೂ ಬೀಳಬೇಕು" ಎಂದರು. ಕಣ್ಣು ತೆರೆದರು. "ಸರ್ಕಸಿನವನಾದರೂ ಬೀಳಬೇಕು."

"ಹೌದು."

"ಇಷ್ಟು ದಿನ ನನ್ನನ್ನು ಮುದುಕ ಮಾಡಿ ಕೂರಿಸಿದಿರಲ್ಲ ಬೀಗರೇ!" ಅವರ ಸ್ವರ ಏರಿತು. "ತೋಡಿಗೆ ಹಾಕಿದ್ದು ದೊಡ್ಡದಲ್ಲ. ನೀರು ಒರೆಸಿದರೆ ಹೋಗ್ತದೆ. ಇದನ್ನು ಎಂತದರಲ್ಲಿ ಒರೆಸುವುದು?"

"ತಪ್ಪಾಯಿತು" ಎಂದೆ.

"ನನಗೆ ಹೇಳಿ ಎಂತ ಪ್ರಯೋಜನ? ಸೈಕಲ್ ಕೊಟ್ಟುಬಿಡಲಿಕ್ಕೆ ಹೇಳಿದವನಿಗೆ ಹೇಳಿ."

ಊಟದ ಮೇಜಿನಲ್ಲಿ ಎಲ್ಲರೂ ಇದ್ದಾಗಲೇ ಹೇಳಿದೆ. ಹರೀಶ ತಟ್ಟೆ ನೋಡಿಕೊಂಡು, "ಹೋಗಲಿ ಮಾವ, ಬೇಕೂಂತ ಮಾಡಿದ್ದಲ್ಲವಲ್ಲ" ಎಂದ. ಮಗಳು ಬಿಡಲಿಲ್ಲ. "ಬಸ್ಸಿನ ಚಾಳಿಯನ್ನು ಇಲ್ಲಿಗೂ ತಂದಿರಾ ಅಪ್ಪ? ತಾಗಿದ್ದು ಬಿಡಿ. ಮಾವ ಅಲ್ಲಿ ಮೂಲೆಯಲ್ಲಿ ಕೂತಿರುವಾಗ ನಿಮಗೆ ಗಂಟಲಿನಲ್ಲಿ ಅನ್ನ ಹೇಗೆ ಇಳಿಯಿತು?" ಎಂದಳು. ಇಳಿದಿತ್ತು. ಅದನ್ನೂ ಇಲ್ಲಿ ಬರೆಯಬೇಕು. ಚೆನ್ನಾಗಿಯೇ ಇಳಿದಿತ್ತು.

ಹರೀಶ ಎದ್ದು ಹೋಗಿ ಅಮ್ಮನಿಗೆ ಫೋನ್ ಮಾಡಿದ. ಸೈಕಲ್ ಇನ್ನೂ ಶಿರಿಯದ ಜಗಲಿಯಲ್ಲಿಯೇ ಇತ್ತು.

ಬೇಮ್‌ಸ್ಟರ್

ಮರುದಿನ ಬೆಳಿಗ್ಗೆ ಸಂಜೀವಣ್ಣ ನನ್ನನ್ನು ಕರೆಯಲಿಲ್ಲ. ಸೈಕಲ್ ತೆಗೆದುಕೊಂಡು ಹೊರಟರು. ನಾನು ಕೇಳದೆಯೇ ಹಿಂದೆ ಹೊರಟೆ. ಬರಬೇಡಿ ಎಂದೂ ಅವರು ಹೇಳಲಿಲ್ಲ.

ಪರ್ಮರೆಂಡಿನ ಆಚೆಗೆ ಬೇಮ್‌ಸ್ಟರ್. ನಾಲ್ಕು ನೂರು ವರ್ಷಗಳ ಹಿಂದೆ ಅದು ದೊಡ್ಡ ಸರೋವರವಾಗಿತ್ತಂತೆ. ಗಾಳಿಯಂತ್ರಗಳಿಂದ ನೀರನ್ನು ಎತ್ತಿ ಹೊರಗೆ ಚೆಲ್ಲಿ, ಸಿಕ್ಕಿದ ತಳವನ್ನು ದಾರ ಹಿಡಿದು ಅಳೆದಂತೆ ಚೌಕ ಚೌಕ ಮಾಡಿದ್ದಾರೆ. ದಾರಿಗಳು ಕಣ್ಣು ಹೋದಷ್ಟು ದೂರ ನೇರ. ಎರಡು ಬದಿಗೂ ಎತ್ತರದ ಮರಗಳ ಸಾಲು. ಸರೋವರದ ತಳದಲ್ಲಿ ಇಬ್ಬರು ಅಜ್ಜಂದಿರು ಸೈಕಲಿನಲ್ಲಿ ಹೋಗುತ್ತಿದ್ದೆವು. ಮೀನುಗಳು ಇದ್ದ ಎತ್ತರದಲ್ಲಿ ಹಕ್ಕಿಗಳು ಹಾರುತ್ತಿದ್ದವು.

ನಮ್ಮೂರಿನಲ್ಲಾದರೆ ಮುನಿಸಿಕೊಂಡು ಮುಂದೆ ಹೋದವನು ಮೊದಲನೆಯ ತಿರುವಿನಲ್ಲಿ ಮರೆಯಾಗುತ್ತಾನೆ. ಉಳಿದವನಿಗೆ ಅಷ್ಟಾದರೂ ಬಿಡುಗಡೆ. ಇಲ್ಲಿ ಮರೆಯಾಗಲು ಒಂದು ದಿಬ್ಬವೂ ಇಲ್ಲ. ಸಂಜೀವಣ್ಣನವರ ಬೆನ್ನು ಚಿಕ್ಕದಾಗುತ್ತ ಹೋಯಿತೇ ಹೊರತು ಕಾಣದೆ ಹೋಗಲಿಲ್ಲ. ನಾನು ಅದನ್ನು ನೋಡುತ್ತಲೇ ಇರಬೇಕಾಯಿತು. ಅವರು ಕ್ಷಮಿಸಿದರೋ ಇಲ್ಲವೋ ಬೆನ್ನಿನಿಂದ ತಿಳಿಯುವುದಿಲ್ಲ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಬಹಳ ದೂರ ಹೋದ ಮೇಲೆ ಅವರ ಎಡಗೈ ಹ್ಯಾಂಡಲ್ ಬಿಟ್ಟಿತು. ಮೂಗು ಒರೆಸಲೆಂದು ಎಣಿಸಿದೆ. ಬಲಗೈಯೂ ಬಿಟ್ಟಿತು. ಎರಡೂ ಕೈಗಳು ಮೆಲ್ಲಗೆ ಬದಿಗಳಿಗೆ ಚಾಚಿದವು. ಸಂಜೀವಣ್ಣ ನೆಟ್ಟಗೆ ಕೂತು ಪೆಡಲ್ ತುಳಿಯುತ್ತಿದ್ದರು. ಸೈಕಲ್ ಗೆರೆ ಎಳೆದಂತೆ ಹೋಗುತ್ತಿತ್ತು.

ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಬ್ರೇಕ್ ಹಿಡಿದು, ಅವರಿಗೆ ದಾರಿ ಇನ್ನಷ್ಟು ಇರಲಿ ಎಂದು, ಹಿಂದೆ ಉಳಿದೆ.